ಉಣ್ಣುವ ಕೈಗೆ ಕೆಂಪು ತಂತಿ

ನನ್ನ ಮೊಮ್ಮಗಳು ನಿನ್ನೆ ಮೊದಲ ಸಲ ತಾನಾಗಿ ಬೋರಲು ಬಿದ್ದಳು. ಮಗನ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಕೊಟ್ಟು ಬಂದೆ. ಸಕ್ಕರೆ ಮುಗಿದ ಮೇಲೆ ಬರಿಗೈಯಲ್ಲೇ ಹೋಗಿ ಹೇಳಿ ಬಂದೆ. ಇದನ್ನೇ ಬರೆಯುತ್ತ ಕೂತರೆ ಒಂದು ವಹಿ ಸಾಲುವುದಿಲ್ಲ. ಆದರೆ ಈ ಕೂಸಿನ ತೊಟ್ಟಿಲ ಕಾರ್ಯಕ್ಕೆ ಇಬ್ಬರು ಅಜ್ಜಿಯರೂ ನಿಂತದ್ದರ ಹಿಂದೆ ಒಂದು ಪರದೆ, ಹತ್ತು ತಂತಿ ಮತ್ತು ನಾನು ಮಾಡಿದ ಎರಡು ತಪ್ಪುಗಳಿವೆ. ಅದನ್ನು ಬರೆದಿಡಿ ಎಂದು ನಮ್ಮ ಡಾಕ್ಟರಬಾಯಿ ಹೇಳಿದ್ದಾರೆ. ನಾನು ಓದಿದ್ದು ಮೂರನೇ ಇಯತ್ತೆ. ತಿಳಿದಷ್ಟು ಬರೆಯುತ್ತೇನೆ.

ಅಂಬರನಾಥದಲ್ಲಿ ಕಾರ್ಖಾನೆಗಳ ಹಿಂದಿನ ಬಸ್ತಿಯಲ್ಲಿ ನಮ್ಮ ಮನೆ. ಬಸ್ತಿಯ ಬಾಯಿಗೇ ಎರಡು ಕೋಣೆಯ ಒಂದು ಧರ್ಮದ ದವಾಖಾನೆ. ಅಲ್ಲಿ ನಾನು ಕಸ ಹೊಡೆಯುತ್ತೇನೆ, ನೀರು ಕಾಯಿಸುತ್ತೇನೆ, ಹಾಸಿಗೆಯ ಬಟ್ಟೆ ಬದಲಿಸುತ್ತೇನೆ. ಈ ಕಡೆ ಆ ಕೆಲಸದ ಹೆಂಗಸರಿಗೆಲ್ಲ ಮಾವಶಿ ಎನ್ನುತ್ತಾರೆ. ಹೆಸರು ಯಾರೂ ಕೇಳುವುದಿಲ್ಲ.

ಒಂದು ಮಳೆಗಾಲ ಮುಗಿದ ಮೇಲೆ ದವಾಖಾನೆಗೆ ಇಸಿಜಿ ಯಂತ್ರ ಬಂತು. ಜೊತೆಗೆ ಅದನ್ನು ನಡೆಸುವ ಟೆಕ್ನಿಷಿಯನ್ ಬಂದ. ಉಡುಪಿ ಕಡೆಯವನು, ನಲವತ್ತರ ಹತ್ತಿರದ ಆಳು. ಮನೆಯಲ್ಲಿ ತುಳು, ನನ್ನ ಜೊತೆ ಕನ್ನಡ, ಉಳಿದವರ ಜೊತೆ ಹಿಂದಿ. ಕೆಲಸದ ಕ್ರಮ ಹೀಗೆ: ಎದೆನೋವು ಎಂದು ಬಂದವರನ್ನು ಮಲಗಿಸಿ ಕೈಕಾಲಿಗೆ ನಾಲ್ಕು, ಎದೆಗೆ ಆರು ತಂತಿ ಹಚ್ಚಬೇಕು. ಯಂತ್ರ ಗೆರೆ ಬರೆದ ಕಾಗದ ಕೊಡುತ್ತದೆ. ಟೆಕ್ನಿಷಿಯನ್ ಅದರ ಫೋಟೊ ತೆಗೆದು ಠಾಣೆ ಪಟ್ಟಣದ ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರಿಗೆ ಮೊಬೈಲಿನಲ್ಲಿ ಕಳಿಸುತ್ತಾನೆ. ಅವರು ನೋಡಿ, ಹಾರ್ಟ್ ಅಟ್ಯಾಕ್ ಹೌದೋ ಅಲ್ಲವೋ ಹೇಳುತ್ತಾರೆ. ಹೌದಾದರೆ ಗುಳಿಗೆ ಅಗಿಯಲು ಕೊಟ್ಟು, ಕಲ್ಯಾಣದ ಆಸ್ಪತ್ರೆಗೆ ಮೊದಲೇ ಫೋನು ಮಾಡಿ, ಗಾಡಿಯಲ್ಲಿ ಕಳಿಸುವುದು. ಅಲ್ಲಿ ನೆತ್ತರಿನ ಗಡ್ಡೆ ಕರಗಿಸುವ ಸೂಜಿ ಹಾಕುತ್ತಾರೆ. ನಾಳ ಕಟ್ಟಿದರೆ ಗುಂಡಿಗೆಯ ಮಾಂಸ ಸ್ವಲ್ಪ ಸ್ವಲ್ಪವಾಗಿ ಸಾಯುತ್ತ ಹೋಗುತ್ತದಂತೆ. ತಡವಾಗಿ ಹಾಕಿದ ಸೂಜಿಗೆ ಬೆಲೆ ಕಡಿಮೆ ಎಂದು ಡಾಕ್ಟರಬಾಯಿ ಎಲ್ಲರಿಗೂ ಹೇಳಿಕೊಟ್ಟರು.

ಗಂಡಸರು ಬಂದರು. ಹಮಾಲರು, ವೆಲ್ಡಿಂಗ್ ಮಾಡುವವರು, ಅಂಗಿ ಬಿಚ್ಚಿ ಮಲಗಿದರು, ಎದ್ದು ಹೋದರು. ಹೆಂಗಸರು ಮಂಚದವರೆಗೆ ಬಂದು ಸೆರಗು ಬಿಗಿ ಹಿಡಿದುಕೊಂಡು ನಿಂತರು. ಎದೆಗೆ ತಂತಿ ಹಚ್ಚಬೇಕೆಂದರೆ ಕುಪ್ಪಸ ಬಿಚ್ಚಬೇಕು. ಹಚ್ಚುವವನು ಗಂಡಸು. ಅವನೂ ಗೋಡೆಯ ಕಡೆ ಮುಖ ಮಾಡಿ, “ಎಂತ ಮಾಡುದು ಮಾರಾಯ್ರೆ, ನಾನು ಕಣ್ಣು ಮುಚ್ಚಿ ಹಚ್ಚಲಿಕ್ಕೆ ಆಗ್ತದಾ?” ಎನ್ನುತ್ತಿದ್ದ.

ನಮ್ಮ ಓಣಿಯಲ್ಲೇ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಹೆಂಗಸೊಬ್ಬಳಿದ್ದಳು, ರಾಯಚೂರು ಕಡೆಯವಳು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದಳು. ದವಡೆ ನೋವು, ಮೈಯೆಲ್ಲ ಬೆವರು. ಡಾಕ್ಟರಬಾಯಿ ಬೆಳಗ್ಗೆ ಮತ್ತು ಸಂಜೆ ಮಾತ್ರ ಇರುತ್ತಾರೆ. ಟೆಕ್ನಿಷಿಯನ್ ತಂತಿ ಹಿಡಿದು ನಿಂತ. ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಚಿಗವ್ವಾ, ಗಂಡಸರ ಮುಂದ ನಾ ಒಲ್ಲೆ.”

“ಆತು ಬಿಡು,” ಎಂದೆ ನಾನು. “ಸಂಜಿಮುಂದ ಬಾಯಿಯಾರು ಬರ್ತಾರ, ಅವರ ಕಡೆ ಮಾಡಿಸೂಣು. ಈಗ ಮನಿಗೆ ಹೋಗಿ ಅಡ್ಡಾಗು.”

ಅವಳು ಹೋದಳು. ಐದು ಗಂಟೆಗೆ ಅವಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಉಲ್ಹಾಸನಗರದ ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಲ್ಲೇ ಜೀವ ಹೋಯಿತು. ಅವಳನ್ನು ಮನೆಗೆ ಕಳಿಸಿದವಳು ನಾನು. ಇದು ನನ್ನ ಮೊದಲನೆಯ ತಪ್ಪು.

ಮೂರು ದಿನ ಬಿಟ್ಟು ಡಾಕ್ಟರಬಾಯಿಯ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ಹೆಣ್ಣು ಟೆಕ್ನಿಷಿಯನ್ ಬೇಕೆಂದು ಅವರು ಮೊದಲೇ ಬರೆದಿದ್ದರಂತೆ. ಯಾರೂ ಸಿಕ್ಕಿರಲಿಲ್ಲ.

“ಬಾಯಿ, ಮಂಚದ ಸುತ್ತ ಪರದೆ ಕಟ್ಟೋಣ,” ಎಂದೆ. “ಅವನು ಯಂತ್ರ ಹಿಡಕೊಂಡು ಹೊರಗೆ ಕೂರಲಿ. ಒಳಗೆ ನಾನು ಹಚ್ಚತೇನೆ.” ಇದನ್ನು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ.

ಅವರು ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದರು. ಕೊನೆಗೆ, “ಮಾವಶಿ, ಏಕ್ ದೋನ್ ವೇಳಾ ಕರೂನ್ ಬಘೂ,” ಎಂದರು. ಒಂದೆರಡು ಸಲ ಮಾಡಿ ನೋಡೋಣ ಎಂದು.

ತಂತಿಗಳಿಗೆ ಇಂಗ್ಲಿಷ್ ಅಕ್ಷರ ಬರೆದಿರುತ್ತದೆ. ನನಗೆ ಅದು ಬೇಕಾಗಲಿಲ್ಲ, ಬಣ್ಣಗಳಿದ್ದವು. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಎದೆಯ ಮೇಲೆ ಕೆಂಪು, ಹಳದಿ, ಹಸಿರು, ಕಂದು, ಕಪ್ಪು, ನೇರಳೆ, ಬಲದಿಂದ ಎಡ ಕಂಕುಳದವರೆಗೆ. ಸಣ್ಣವಳಿದ್ದಾಗಿನಿಂದ ಕೌದಿ ಹೊಲಿದವಳು ನಾನು. ಯಾವ ತುಂಡಿನ ಪಕ್ಕ ಯಾವ ತುಂಡು ಎಂಬುದು ಒಂದು ಸಲ ನೋಡಿದರೆ ಮರೆಯುವುದಿಲ್ಲ. ನನ್ನ ತೊಡಕು ಇದ್ದದ್ದು ಎಡ–ಬಲದಲ್ಲಿ. ನಾನು ಪೇಷಂಟಿನ ಎದುರಿಗೆ ನಿಲ್ಲುತ್ತೇನೆ. ನನ್ನ ಬಲ ಅವಳ ಎಡ. ಗಾಬರಿಯಲ್ಲಿ ತಲೆ ತಿರುಗುತ್ತಿತ್ತು. ಅದಕ್ಕೆ ನಾನೇ ಒಂದು ಗುರುತು ಮಾಡಿಕೊಂಡೆ: ಸೆರಗು ಇರುವ ಭುಜದ ಕೈಗೆ ಹಳದಿ. ನಮ್ಮ ಓಣಿಯ ಹೆಂಗಸರೆಲ್ಲ ಎಡಭುಜಕ್ಕೆ ಸೆರಗು ಹಾಕುವವರು. ನಾಲ್ಕು ಮಂದಿಗೆ ಸರಿಯಾಗಿ ಬಂತು. ಟೆಕ್ನಿಷಿಯನ್ ಕಾಗದ ಹಿಡಿದು, “ಫಸ್ಟ್‌ಕ್ಲಾಸ್ ಉಂಟು ಅಜ್ಜಿ!” ಎಂದ. ನನ್ನ ಗುರುತಿನ ವಿಷಯ ನಾನು ಅವನಿಗೆ ಹೇಳಿರಲಿಲ್ಲ.

ಐದನೆಯವರು ಗುಜರಾತಿ ಹೆಂಗಸು, ಉಲ್ಹಾಸನಗರದ ಅಂಗಡಿಯವರ ಮನೆಯವರು. ನಮ್ಮ ಬಸ್ತಿಯ ಹೊಲಿಗೆಯವಳ ಹತ್ತಿರ ಬಂದವರು ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದರು. ಪರದೆ ಎಳೆದೆ. ಸೆರಗು ನೋಡಿದೆ. ತಂತಿ ಹಚ್ಚಿದೆ. ಕಾಗದ ಠಾಣೆಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಅಲ್ಲಿಂದ ಫೋನು ಬಂತು. ಈ ಬಾಯಿಯ ಗುಂಡಿಗೆ ಬಲಗಡೆ ಇದೆಯೇನು, ಇಲ್ಲಾ ನೀವು ಕೈಯ ತಂತಿ ಅದಲುಬದಲು ಮಾಡಿದ್ದೀರೇನು ಎಂದು ಕೇಳಿದರು.

ಟೆಕ್ನಿಷಿಯನ್ ಪರದೆಯ ಹೊರಗಿನಿಂದಲೇ ಕೂಗಿದ. “ಅಜ್ಜಿ, ಕೆಂಪು ಯಾವ ಕೈಯಲ್ಲಿ ಉಂಟು?”

“ಬಲಗೈಯಾಗ.”

“ಯಾರ ಬಲಗೈ?”

ಆಗ ನೋಡಿದೆ. ಅವರು ಸೀದಾ ಪಲ್ಲು ಹಾಕಿದ್ದರು. ಗುಜರಾತಿಯವರ ಸೆರಗು ಹಿಂದಿನಿಂದ ಬಲಭುಜದ ಮೇಲೆ ಮುಂದಕ್ಕೆ ಬರುತ್ತದೆ. ನನ್ನ ಹಳದಿ ಅವರ ಬಲಗೈಯಲ್ಲಿತ್ತು. ಬಿಚ್ಚಿ, ಮತ್ತೆ ಹಚ್ಚಿ, ಎರಡನೇ ಕಾಗದ ಕಳಿಸುವುದರಲ್ಲಿ ಹತ್ತು ಹನ್ನೆರಡು ನಿಮಿಷ ಹಾಳಾಯಿತು. ಅವರಿಗೆ ಏನೂ ಆಗಿರಲಿಲ್ಲ. ಬರೀ ಆಮ್ಲಪಿತ್ತ. ಆದರೆ ಆಗಿದ್ದರೆ?

ಡಾಕ್ಟರಬಾಯಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ಮಾವಶಿ, ಅಬ್ ಮಶೀನ್ ಕೋ ಹಾಥ್ ಮತ್ ಲಗಾವೋ,” ಇನ್ನು ಯಂತ್ರ ಮುಟ್ಟಬೇಡ ಎಂದಷ್ಟೇ ಹೇಳಿ ಒಳಗೆ ಹೋದರು.

ಹದಿನೈದು ದಿನ ಕಸ ಹೊಡೆದೆ, ನೀರು ಕಾಯಿಸಿದೆ. ಪರದೆ ಕಟ್ಟಿದ ಹಗ್ಗದ ಮೇಲೆ ಟವೆಲು ಒಣಹಾಕಿದೆ. ಮತ್ತೆ ಇಬ್ಬರು ಹೆಂಗಸರು ಕುಪ್ಪಸ ಬಿಚ್ಚದೆ ವಾಪಸು ಹೋದರು. ಎರಡನೆಯವಳು ಹೋದ ಮೇಲೆ ಟೆಕ್ನಿಷಿಯನ್ ಚಹಾದ ಲೋಟ ಹಿಡಿದು ನನ್ನ ಎದುರಿಗೆ ಕೂತ.

“ಅಜ್ಜಿ, ಒಂದು ಮಾತು. ಅವತ್ತು ಫಸ್ಟ್ ಲೈನೇ ತಲೆಕೆಳಗೆ ಬಿದ್ದಿತ್ತು. ಹಾಗೆ ಕಂಡ್ರೆ ಮೊದಲು ಕೈ ನೋಡ್ಬೇಕು ಅಂತ ನನಗೆ ಗೊತ್ತುಂಟು. ನೋಡದೆ ಫೋಟೊ ಕಳಿಸಿದ್ದು ನಾನು. ನೀವೊಬ್ರೇ ಯಾಕೆ ಮುಖ ಸಣ್ಣ ಮಾಡುದು?”

“ಇದನ್ನ ಬಾಯಿಯಾರಿಗೆ ಹೇಳೀಯೇನಪಾ?”

“ಹೇಳ್ತೇನೆ. ಮೊದಲು ನೀವು ಕಲೀರಿ.”

ಅಂದೇ ಅವನು ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಿದ. ಗಂಟಲ ಕುಳಿಯಿಂದ ಬೆರಳು ಕೆಳಗೆ ಜಾರಿಸಿದರೆ ಎದೆಯ ಮೂಳೆಯ ಮೇಲೆ ಒಂದು ಉಬ್ಬು ಸಿಗುತ್ತದೆ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಅದರ ಕೆಳಗಿನದು ಎರಡನೇ ಸಂದಿ, ಅಲ್ಲಿಂದ ಎಣಿಸುತ್ತ ನಾಲ್ಕನೇ ಸಂದಿಗೆ ಬರಬೇಕು. ಮೂಳೆಯ ಬಲಕ್ಕೆ ಕೆಂಪು, ಎಡಕ್ಕೆ ಹಳದಿ. ಹಸಿರನ್ನು ಕೈಯಲ್ಲೇ ಹಿಡಿದಿಟ್ಟು ಮೊದಲು ಕಂದು ಹಚ್ಚಬೇಕು, ಒಂದು ಸಂದಿ ಕೆಳಗೆ, ಎಡ ಕೊರಳೆಲುಬಿನ ನಡುವಿನ ನೇರಕ್ಕೆ. ಹೆಂಗಸರಾದರೆ ಮೊಲೆ ಎತ್ತಿ ಅದರ ಬುಡಕ್ಕೆ ಹಚ್ಚಬೇಕು, ಮೇಲೆ ಅಲ್ಲ. ಹಳದಿಗೂ ಕಂದಿಗೂ ನಟ್ಟನಡುವೆ ಹಸಿರು. ಆಮೇಲೆ ಕಪ್ಪು, ನೇರಳೆ, ಕಂದಿನ ಸಾಲಿನಲ್ಲೇ ಕಂಕುಳದ ಕಡೆಗೆ.

ನಾನು ಎಣಿಸುವಾಗ ಅವನು ನುಲಿದುಕೊಂಡು ನಕ್ಕ.

“ಏನೋ ತಮ್ಮಾ, ಹೆಂಗಸರು ನಾಚತಾರ ಅಂತಿದ್ದಿ. ನೀನ ಹೊಸ ಮದುಮಗಳಗತೆ ಮಾಡಾಕತ್ತೀಯಲ್ಲ!”

“ಕಚಗುಳಿ ಆಗ್ತದೆ ಮಾರಾಯ್ರೆ, ಬೇಗ ಎಣಿಸಿ!”

ಮಧ್ಯಾಹ್ನ ನಮ್ಮ ಮನೆಯಲ್ಲಿ ಓಣಿಯ ಹೆಂಗಸರು ಕೌದಿ ಹೊಲಿಯಲು ಸೇರುತ್ತಾರೆ. ದಿನಕ್ಕೊಬ್ಬಳನ್ನು ಬಾಗಿಲು ಹಾಕಿ ಮಲಗಿಸಿ ಎದೆಯ ಮೇಲೆ ಬಣ್ಣದ ಗುಂಡಿ ಇಡುತ್ತ ಬಂದೆ. ತೆಳ್ಳಗಿನವಳು, ದಪ್ಪಗಿನವಳು, ಹಾಲು ಕುಡಿಸುವವಳು, ಎಲ್ಲರೂ ಮಲಗಿದರು. ಮಲಗಿದವಳಿಗೆ ಉಳಿದವರು ಚಾಷ್ಟಿ ಮಾಡಿ ನಗುತ್ತಿದ್ದರು. ಅದರಿಂದ ಒಂದು ಲಾಭವಾಯಿತು: ತಂತಿ ಎಂದರೆ ಏನು ಮಾಡುತ್ತಾರೆ ಎಂಬುದು ಅವರಿಗೆಲ್ಲ ಮೊದಲೇ ಗೊತ್ತಾಯಿತು.

ಎಡ–ಬಲದ ಗುರುತು ಸಿಕ್ಕದ್ದೂ ಅಲ್ಲಿಯೇ. ಸೆರಗು ನಂಬುವ ಹಾಗಿಲ್ಲ. ಬಳೆ, ವಾಚು, ಯಾವುದೂ ಇಲ್ಲ. ಒಬ್ಬಳು ಮಲಗಿದಲ್ಲೇ, “ಬಿರಿಬಿರಿ ಮುಗಿಸ ಯಕ್ಕಾ, ನಾ ಇನ್ನಾ ಉಂಡಿಲ್ಲ,” ಎಂದಳು.

“ಯಾವ ಕೈಲೆ ಉಣ್ತಿ?” ಎಂದೆ.

ಅವಳು ಕೈ ಎತ್ತಿ ತೋರಿಸಿದಳು. ಆ ಕೈಗೆ ಕೆಂಪು. ಎಲ್ಲರನ್ನೂ ಕೇಳಿದೆ. ಒಬ್ಬಳು ಸೂಜಿ ಹಿಡಿಯುವುದು, ಕಸ ಹೊಡೆಯುವುದು ಎಲ್ಲ ಎಡಗೈಯಲ್ಲಿ. ಅವಳೂ ಉಣ್ಣುವ ಕೈ ಕೇಳಿದಾಗ ಬಲಗೈ ಎತ್ತಿದಳು. “ಎಡಗೈಲೆ ಉಂಡ್ರ ನಮ್ಮವ್ವ ಸೌಟಿಲೆ ಹೊಡೀತಿದ್ದಳು,” ಎಂದಳು. ಆದರೂ ಇನ್ನು ಬರೀ ಗುರುತನ್ನೇ ನಂಬಬಾರದೆಂದು ಟೆಕ್ನಿಷಿಯನ್ ಇನ್ನೊಂದು ಕಟ್ಟು ಹಾಕಿದ. ನಾನು ಹಚ್ಚಿದ ಮೇಲೆ ಅವನು ಹೊರಗಿನಿಂದ ಒಂದೊಂದೇ ಬಣ್ಣ ಕೂಗಬೇಕು, ನಾನು ಜಾಗ ಹೇಳಬೇಕು. ಮೊದಲ ಗೆರೆ ನೆಟ್ಟಗಿದೆಯೇ ಎಂದು ನೋಡದೆ ಅವನು ಫೋಟೊ ಕಳಿಸಬಾರದು.

ತಿಂಗಳು ತುಂಬಿದ ಮೇಲೆ ಇಬ್ಬರೂ ಕೂಡಿ ಡಾಕ್ಟರಬಾಯಿಯ ಹತ್ತಿರ ಹೋದೆವು. ಅವನು ತನ್ನ ತಪ್ಪು ಹೇಳಿದ. ಅವರು ಕೋಟು ಬಿಚ್ಚಿಟ್ಟು, ಪರದೆಯೊಳಗೆ ಬಂದು, ತಾವೇ ಮಂಚದ ಮೇಲೆ ಮಲಗಿದರು. ಅವರನ್ನೂ ಬಿಡದೆ ಯಾವ ಕೈಯಲ್ಲಿ ಉಣ್ಣುತ್ತೀರಿ ಎಂದು ಕೇಳಿದೆ. ಕೈ ಎತ್ತಿದರು. ಹೊರಗಿನಿಂದ ಟೆಕ್ನಿಷಿಯನ್ ಬಣ್ಣ ಕೂಗಿದ, ಒಳಗಿನಿಂದ ನಾನು ಜಾಗ ಹೇಳಿದೆ. ಕಾಗದ ಬಂತು. ಅವರು ಎದ್ದು ಕೂತು ಅದನ್ನು ಬೆಳಕಿಗೆ ಹಿಡಿದು, “ಚಾಲೇಲ್,” ಎಂದರು. ನಡೆಯುತ್ತದೆ ಎಂದು. ಪರದೆಯ ಹಗ್ಗದಿಂದ ಟವೆಲು ತೆಗೆದೆ.

ಆ ತಿಂಗಳಲ್ಲೇ ನಮ್ಮ ಮನೆಗೆ ಕೂಸು ಬಂತು. ಸೊಸೆಗೆ ಬಸಿರು ನಿಂತದ್ದೇ ಕಷ್ಟದಿಂದಾದ್ದರಿಂದ ತವರಿಗೆ ಕಳಿಸಿರಲಿಲ್ಲ. ಬಾಣಂತನಕ್ಕೆ ಅವಳ ತಾಯಿಯೇ, ಎಂದರೆ ನನ್ನ ಬೀಗತಿಯೇ, ತಮ್ಮೂರು ಇಂಡಿಯಿಂದ ಬಂದು ನಮ್ಮಲ್ಲಿ ಉಳಿದಿದ್ದರು. ಒಂದೇ ಕೋಣೆಯಲ್ಲಿ ಇಬ್ಬರು ಅಜ್ಜಿಯರು. ಕೂಸಿನ ಮೂಗು ಯಾರದ್ದು ಎಂಬುದಕ್ಕೆ ದಿನಾ ಜಗಳ.

“ಮೂಗ ನಮ್ಮ ಮನಿತನದ್ದ ನೋಡ್ರಿ ಬೀಗತ್ಯಾರ. ನಿಮ್ಮ ಮಂದಿದು ಮೆಣಸಿನಕಾಯಿ ಮೂಗ,” ಎನ್ನುತ್ತಿದ್ದರು ಅವರು.

“ಮೂಗ ನೀವ ಇಟಗೋರಿ. ಕೂಸ ನಮ್ಮದು,” ಎನ್ನುತ್ತಿದ್ದೆ ನಾನು.

ತೊಟ್ಟಿಲ ಕಾರ್ಯಕ್ಕೆ ಎರಡು ದಿನ ಇತ್ತು. ಬೆಳಗ್ಗೆ ಎಂಟಕ್ಕೆ ನಾನು ಕೆಲಸಕ್ಕೆ ಹೊರಡುತ್ತಿದ್ದೆ. ಬೀಗತಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದವರು ಕೈ ನಿಲ್ಲಿಸಿ ಕೂಸನ್ನು ಮಗಳ ಕೈಗೆ ಕೊಟ್ಟರು. ಹೊಸ್ತಿಲಲ್ಲಿ ಕೂತು ವಾಂತಿ ಮಾಡಿಕೊಂಡರು.

“ಪಿತ್ತ ಆಗೇತಿ,” ಎಂದರು. ಎಣ್ಣೆಗೈಯಲ್ಲೇ ಎದೆ ಉಜ್ಜಿಕೊಂಡರು. ತಣ್ಣನೆಯ ಮುಂಜಾವು. ಅವರ ಹಣೆಯ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು.

“ದವಡಿ ನೋಯತೈತೇನ್ರಿ?”

“ಸ್ವಲ್ಪ. ಒಂದೀಟ ಸೋಡಾ ಕುಡದು ಮಲಕೋತೀನಿ. ಉಂಡಿ ಕಟ್ಟೂದ ಐತಿ. ನೀವು ನಡೀರಿ ಕೆಲಸಕ್ಕ.”

ಡಬ್ಬಿ ತುಂಬುವವಳಿಗೆ ನಾನು ಹೇಳಿದ್ದ ಮಾತು ನೆನಪಾಯಿತು. ಈ ಸಲ ಮಲಗಿ ಎನ್ನಲಿಲ್ಲ. ಏಳಲೂ ಬಿಡಲಿಲ್ಲ. ಪಕ್ಕದ ಮನೆಯ ಇಬ್ಬರು ಹಮಾಲರನ್ನು ಕೂಗಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅವರು ಎತ್ತಿಕೊಂಡರು. ಬೀಗತಿಗೆ ನಡೆಯುವ ಹಟ.

“ಹೆಣದಗತೆ ಹೊತಗೊಂಡ ಹೊಂಟೀರಲ್ರಿ! ಓಣ್ಯಾಗಿನ ಮಂದಿ ಏನಂದಾರು?”

“ಬೀಗತಿನ್ನ ಮೆರವಣಿಗಿ ಮಾಡಿದ್ರು ಅಂತಾರ. ಸುಮ್ಮ ಕುಂಡ್ರಿ.”

ಡಾಕ್ಟರಬಾಯಿ ಇನ್ನೂ ಬಂದಿರಲಿಲ್ಲ. ಟೆಕ್ನಿಷಿಯನ್ ಆಗಷ್ಟೇ ಬೀಗ ತೆಗೆಯುತ್ತಿದ್ದ. ಅವನನ್ನು ನೋಡಿದ್ದೇ ಬೀಗತಿ ಎರಡೂ ಕೈಯಿಂದ ಕುಪ್ಪಸ ಹಿಡಿದುಕೊಂಡರು. ನಾನು ಪರದೆ ಎಳೆದೆ. ಅವನು ಹೊರಗೇ ನಿಂತು ಡಾಕ್ಟರಬಾಯಿಗೆ ಫೋನು ಹಚ್ಚಿದ.

“ಅಂವ ಒಳಗ ಬರಂಗಿಲ್ಲ. ನಾ ಒಬ್ಬಾಕಿನ,” ಎಂದೆ. ಅವರ ಕೈ ಸಡಿಲವಾಯಿತು.

ಎದೆಯೆಲ್ಲ ಎಣ್ಣೆ. ತಂತಿಯ ತುದಿಯ ಬಟ್ಟಲಿನಂಥ ರಬ್ಬರಿನ ಬುಡ ಒಂದೂ ಹಿಡಿಯಲಿಲ್ಲ, ಜಾರಿ ಜಾರಿ ಬಿತ್ತು. ಸ್ಪಿರಿಟ್ ಹತ್ತಿಯಿಂದ ಒರೆಸಿದೆ, ಒಣ ಬಟ್ಟೆಯಿಂದ ಒರೆಸಿದೆ, ಮತ್ತೆ ಸ್ಪಿರಿಟ್. ಇಷ್ಟು ದಿನದ ಅಭ್ಯಾಸವೆಲ್ಲ ತಲೆಯಿಂದ ಹೋಗಿ, ಎದುರಿಗಿದ್ದವರ ಎಡ ಯಾವುದು ಬಲ ಯಾವುದು ತಿಳಿಯದಾಯಿತು.

“ಯಾವ ಕೈಲೆ ಉಣ್ತೀರಿ?” ಎಂದೆ.

ಬೀಗತಿ ಕಣ್ಣು ತೆರೆದರು. “ಏನ್ ಹುಚ್ಚಿ ಅದಿಯವ್ವಾ ನೀ! ಹನ್ನೆರಡ ದಿನ ನಿನ್ನ ಎದುರಿಗೇ ಕುಂತ ಉಂಡೀನಿ, ನೋಡಿಲ್ಲೇನ?” ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು.

“ನೋಡಿಲ್ಲ. ತೋರಸ್ರಿ.”

ಕೈ ಎತ್ತಿದರು. ಕೆಂಪು ಹಚ್ಚಿದೆ. ಮುಂದಿನದೆಲ್ಲ ತಾನಾಗಿ ಬಂತು. ಗಂಟಲ ಕುಳಿ, ಉಬ್ಬು, ಸಂದಿ ಎಣಿಸಿ ಕೆಂಪು, ಹಳದಿ, ಕಂದು, ಹಸಿರು, ಕಪ್ಪು, ನೇರಳೆ.

“ಕೆಂಪು?” ಹೊರಗಿನಿಂದ.

“ಉಣ್ಣೂ ಕೈ.”

“ಹಳದಿ?”

“ಇನ್ನೊಂದ ಕೈ.”

“ಹಸಿರು?”

“ಹಳದಿ ಕೈ ಕಡೆ ಕಾಲು.”

ಹತ್ತೂ ಆದವು. ಯಂತ್ರ ಕಿರ್‌ ಎಂದಿತು. ಅವನು ಮೊದಲ ಗೆರೆ ನೋಡಿದ್ದು ನನಗೆ ಗೊತ್ತಾಯಿತು, ಏಕೆಂದರೆ ಅಷ್ಟು ಹೊತ್ತು ಸುಮ್ಮನಿದ್ದ. ಆಮೇಲೆ “ಸರಿ ಉಂಟು, ಕಳಿಸಿದೆ,” ಎಂದ. ಅವನ ದನಿ ಸಣ್ಣಗಿತ್ತು. ಕೆಳಗಿನ ಗೆರೆಗಳು ಎದ್ದು ನಿಂತಿದ್ದವೆಂದು ನಂತರ ಹೇಳಿದ.

ಠಾಣೆಯಿಂದ ಮೂರೇ ನಿಮಿಷದಲ್ಲಿ ಫೋನು ಬಂತು. ಹಾರ್ಟ್ ಅಟ್ಯಾಕ್. ಅಷ್ಟರಲ್ಲಿ ಡಾಕ್ಟರಬಾಯಿ ಓಡುತ್ತ ಬಂದರು. ಗುಳಿಗೆ ಕೊಟ್ಟು ಅಗಿಯಲು ಹೇಳಿದರು. ಬೀಗತಿ ಮುಖ ಹಿಂಡಿ ಅಗಿದರು. ಕಲ್ಯಾಣಕ್ಕೆ ಫೋನು ಹೋಯಿತು, ಅಂಬ್ಯುಲೆನ್ಸ್ ಬಂತು. ಗಾಡಿಯಲ್ಲಿ ಅವರ ಕೈ ನನ್ನ ಕೈಯಲ್ಲಿತ್ತು. ಫ್ಲೈಓವರ್ ಹತ್ತಿರ ಟ್ರಾಫಿಕ್ ನಿಂತಾಗ ಅವರು, “ನಾ ಹೋದ್ರ ತೊಟ್ಟಿಲ ಕಾರ್ಯ ಮುಂದ ಹಾಕಬ್ಯಾಡ್ರಿ,” ಎಂದರು.

“ನೀವ ಇಲ್ಲದ ಮಾಡಂಗಿಲ್ಲ,” ಎಂದೆ.

ಕಲ್ಯಾಣದಲ್ಲಿ ಸೂಜಿ ಸಿದ್ಧವಿಟ್ಟುಕೊಂಡು ಕಾಯುತ್ತಿದ್ದರು. ಕಾಗದ ಮತ್ತೆ ತೆಗೆಯುವ ಕೆಲಸವೂ ಉಳಿದಿರಲಿಲ್ಲ, ನಮ್ಮದನ್ನೇ ನೋಡಿಕೊಂಡು ಸೂಜಿ ಹಾಕಿದರು. ಮಧ್ಯಾಹ್ನಕ್ಕೆ ನೋವು ಇಳಿಯಿತು. ಮರುದಿನ ಠಾಣೆಗೆ ಕರೆದೊಯ್ದು ನಾಳಕ್ಕೆ ಸ್ಟೆಂಟ್ ಎಂಬ ಜಾಳಿಗೆ ಕೂರಿಸಿದರು. ಹೊಸ್ತಿಲಲ್ಲಿ ಕೂತ ಹೊತ್ತಿನಿಂದ ಸೂಜಿಯವರೆಗೆ ಒಂದೂವರೆ ತಾಸು ಕೂಡ ಆಗಿರಲಿಲ್ಲ ಎಂದು ಡಾಕ್ಟರಬಾಯಿ ಲೆಕ್ಕ ಹಾಕಿ ಹೇಳಿದರು. ನಾನು ಆ ಲೆಕ್ಕ ಕೇಳಿ ದವಾಖಾನೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತುಬಂದೆ. ಡಬ್ಬಿ ತುಂಬುವವಳು ಮಧ್ಯಾಹ್ನ ಬಂದವಳು, ಐದು ಗಂಟೆಯವರೆಗೆ ಜೀವ ಹಿಡಿದಿದ್ದಳು.

ತೊಟ್ಟಿಲ ಕಾರ್ಯ ಒಂದು ತಿಂಗಳು ತಡವಾಗಿ ಆಯಿತು. ನಮ್ಮಲ್ಲಿ ತೊಟ್ಟಿಲಿನ ಆ ಕಡೆ ಈ ಕಡೆ ಇಬ್ಬರು ನಿಂತು, ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಡುವುದು, ಇನ್ನೊಬ್ಬರು ತೆಗೆದುಕೊಂಡು ಮೇಲಿನಿಂದ ಮರಳಿ ಕೊಡುವುದು. ಬೀಗತಿಗೆ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು.

“ಇದೇನ ಭಾರ ಐತೇನ್ರಿ, ಹೂವಿನಂಥಾ ಕೂಸು,” ಎಂದು ಅವರು ಕೇಳಲೇ ಇಲ್ಲ. ಟೆಕ್ನಿಷಿಯನ್ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಕೌದಿಯ ಹೆಂಗಸರೆಲ್ಲ ಇದ್ದರು. ನಾನು ಕೂಸನ್ನು ತೊಟ್ಟಿಲ ಕೆಳಗಿನಿಂದ ಚಾಚಿದೆ. ಬೀಗತಿ ಆ ಕಡೆಯಿಂದ ಮೊದಲು ಬರೀ ಒಂದು ಕೈ ಚಾಚಿ, ಎಲ್ಲರಿಗೂ ಕೇಳುವಂತೆ, “ಉಣ್ಣೂ ಕೈ ಇದ ನೋಡ್ರಿ ಬೀಗತ್ಯಾರ. ಮತ್ತ ಕೇಳಬ್ಯಾಡ್ರಿ,” ಎಂದರು. ಹೆಂಗಸರು ಹೋ ಎಂದು ನಕ್ಕರು. ಆಮೇಲೆ ಎರಡೂ ಕೈ ಚಾಚಿ ಕೂಸನ್ನು ಎತ್ತಿಕೊಂಡರು.

ಮೊಮ್ಮಗಳು ಈಗ ಬೋರಲು ಬಿದ್ದು ತಲೆ ಎತ್ತಿ ನನ್ನನ್ನೇ ನೋಡುತ್ತಾಳೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಡುತ್ತಾಳೆ. ಎರಡೂ ಕೈಯಿಂದ.